ನಮ್ಮ ಮಕ್ಕಳು ಹಾಗೆ ಓದುವುದಿಲ್ಲ

ಅಕ್ಕ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಅವಳ ಕೈರುಚಿಯ ಬಗ್ಗೆ, ಅವಳ ಜೋರು ನಗುವಿನ ಬಗ್ಗೆ ಮಾತಾಡಿ ಹೋದರು. ನಾನು ಹೂಂ ಎನ್ನುತ್ತಿದ್ದೆ. ನನಗೆ ನೆನಪಾಗುತ್ತಿದ್ದದ್ದು ಅವಳು ಪಾಠ ಮಾಡುತ್ತಿದ್ದ ರೀತಿ. ಅದರ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆನೋ ಏನೋ.

ನಾವಿಬ್ಬರೂ ಪಿಯುಸಿಯವರೆಗೆ ಓದಿದವರು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ದಿನವೂ ಒಂದು ಗಂಟೆ ವಿಶೇಷ ಪಾಠ ಮಾಡಿಸಬೇಕೆಂದು ರಾಜ್ಯ ಸರ್ಕಾರ ಅನುದಾನ ಕೊಟ್ಟಿತು. ಕಡಲಿಗೆ ಹತ್ತಿರವಿದ್ದ ನಮ್ಮ ಸರ್ಕಾರಿ ಶಾಲೆಗೂ ಅದು ಬಂತು. ಆರು ಮಕ್ಕಳಿಗೆ ಒಬ್ಬರಂತೆ ಹೇಳಿಕೊಡುವವರು ಬೇಕಿತ್ತು. ಹೆಡ್ ಟೀಚರ್ ನಮ್ಮಿಬ್ಬರನ್ನೂ ಕರೆದರು. ಮಕ್ಕಳ ಬಾಯಲ್ಲಿ ಅಕ್ಕ ದೊಡ್ಡ ಟೀಚರ್ ಆದಳು, ನಾನು ಸಣ್ಣ ಟೀಚರ್. ಒಂದೇ ಕೋಣೆ. ಕಿಟಕಿಯ ಬದಿಗೆ ಅವಳ ಆರು ಮಕ್ಕಳು, ಬಾಗಿಲ ಬದಿಗೆ ನನ್ನ ಆರು. ಯಾರಾದರೂ ಕೇಳಿದರೆ ಮಾತ್ರ ಇಬ್ಬರೂ "ನಮ್ಮ ಹನ್ನೆರಡ್ ಮಕ್ಳ್" ಎನ್ನುತ್ತಿದ್ದೆವು.

ನಾನು ಪುಸ್ತಕ ಹಿಡಿದು ಅದರಲ್ಲಿ ಇದ್ದಂತೆಯೇ ಹೇಳಿಸುತ್ತಿದ್ದೆ. ಬರುತ್ತೇನೆ, ಬರುತ್ತೇನೆ, ಬರುತ್ತೇನೆ. ಅಕ್ಕ ಮೊದಲ ತಿಂಗಳು ಪುಸ್ತಕವನ್ನೇ ತೆಗೆಯಲಿಲ್ಲ. ಇವತ್ತು ಬಲೆಗೆ ಎಂತ ಬಿತ್ತು, ಅಬ್ಬೆ ಎಂತಕೆ ಬೈದಳು ಎಂದು ಕೇಳುವುದು, ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೆಯೇ ಹಲಗೆಯ ಮೇಲೆ ಬರೆಯುವುದು. ತಮ್ಮ ಬಾಯಿಯ ಮಾತು ಅಕ್ಷರವಾಗಿ ನಿಂತದ್ದನ್ನು ಕಂಡು ಅವು ನಕ್ಕು ನಕ್ಕು ಓದುತ್ತಿದ್ದವು. ಆಮೇಲೆ 'ಬತ್ತೆ' ಎಂಬುದರ ಪಕ್ಕ 'ಬರುತ್ತೇನೆ' ಎಂದು ಬರೆದು, "ಇದ್ ಮನಿ ಅಂಗಿ, ಇದ್ ಶಾಲಿ ಅಂಗಿ. ಒಳ್ಗಿಪ್ಪುದ್ ಒಂದೇ ಜನ ಮಕ್ಳೆ," ಎನ್ನುತ್ತಿದ್ದಳು.

"ಅಕ್ಕಾ, ಪರೀಕ್ಷಿಗ್ ಶಾಲಿ ಅಂಗಿಯೇ ಬೇಕಲ್ದಾ?" ಎಂದು ಒಮ್ಮೆ ಕೇಳಿದೆ.

"ಮೈ ಮೇಲ್ ಮೊದ್ಲ್ ಒಂದ್ ಅಂಗಿ ಬರ್ಲಿ ಮರಾಯ್ತಿ. ಯೂನಿಫಾರಂ ಕಡಿಕ್ ಹೊಲ್ಸುವ."

ಅವಳ ಗುಂಪಿನಲ್ಲಿ ಬೀಜಾಡಿಯ ಒಂದು ಹುಡುಗಿ ಇದ್ದಳು. ನಾಲ್ಕನೇ ತರಗತಿ, ಮನೆಯವರದು ಮೀನಿನ ಕೆಲಸ. ಮೂರು ವರ್ಷ ತರಗತಿಯಲ್ಲಿ ಅವಳ ಸ್ವರ ಕೇಳಿದವರಿಲ್ಲ. ಅಕ್ಕನ ಹತ್ತಿರ ಬಂದ ಮೇಲೆ ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಕಂಡದ್ದನ್ನೆಲ್ಲ ಓದತೊಡಗಿದಳು. "ಹೆಣೆ, ಸ್ವಲ್ಪ ಬಾಯಿ ಮುಚ್ಚ್, ಕಿವಿ ಹೊಟ್ಟಿ ಹೋತ್," ಎಂದು ಅಕ್ಕ ಬೈಯುವಷ್ಟು.

ಜನವರಿಯಲ್ಲಿ ಕುಂದಾಪುರದಲ್ಲಿ ಒಂದು ಸಭೆ ಕರೆದರು. ಮುಂದಿನ ವರ್ಷ ಅನುದಾನ ಕಡಿಮೆ, ಶಾಲೆಗೆ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತೇವೆ, ಯಾರ ಮಕ್ಕಳು ಪರೀಕ್ಷೆಯಲ್ಲಿ ಮುಂದೆ ಬರುತ್ತಾರೋ ಅವರನ್ನು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಬೇರೆ ಸುದ್ದಿ ಮಾತಾಡಿದೆವು. ನನ್ನ ಮನೆ ನನ್ನ ಸಂಬಳದಿಂದ ನಡೆಯುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕನ ಮನೆಯೂ ಹಾಗೆಯೇ ನಡೆಯುತ್ತಿತ್ತು.

ಮಾರ್ಚಿನಲ್ಲಿ ಪರೀಕ್ಷೆ ಮಾಡಲು ಒಬ್ಬರು ಬಂದರು. ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯರೇ. ಒಂದು ಕಾರ್ಡು ಕೊಟ್ಟು ಓದಿಸುವುದು. ಬೀಜಾಡಿಯ ಹುಡುಗಿಯ ಸರದಿ ಬಂತು. ಕಾರ್ಡಿನಲ್ಲಿ ಇದ್ದದ್ದು: 'ಅಜ್ಜಿ ಪೇಟೆಯಿಂದ ಬರುತ್ತಾಳೆ. ನಾನು ಅವಳ ಕೈ ಹಿಡಿಯಲು ಹೋಗುತ್ತೇನೆ.' ಹುಡುಗಿ ಅಕ್ಷರದ ಕೆಳಗೆ ಬೆರಳಿಟ್ಟು, ಎಲ್ಲೂ ತಡವರಿಸದೆ ಓದಿದಳು.

"ಅಜ್ಜಿ ಪ್ಯಾಟಿಂದ ಬತ್ತ್. ನಾ ಅದ್ರ್ ಕೈ ಹಿಡುಕ್ ಹೋತೆ."

ಅವರು ಪೆನ್ನು ಎತ್ತಿ ಹಿಡಿದರು. "ಬರುತ್ತಾಳೆ ಅಂತ ಇದೆಯಲ್ಲಮ್ಮ. ಮಗು ಓದ್ತಾ ಇದೆಯೋ, ಚಿತ್ರ ನೋಡಿ ಊಹೆ ಮಾಡಿ ಹೇಳ್ತಾ ಇದೆಯೋ?"

"ಓದಿತಲೆ ಸರ್!" ಅಕ್ಕ ಎದ್ದೇ ನಿಂತಳು. "ಕಾರ್ಡಗ್ ಚಿತ್ರ ಎಲ್ಲಿತ್? ಓದ್ದೆ ಇದ್ರೆ ಅಜ್ಜಿ ಪ್ಯಾಟಿಂದ ಬಪ್ದ್ ಅದ್ಕೆ ಹ್ಯಾಂಗ್ ಗೊತ್ತಾಪ್ದ್? ಅಜ್ಜಿ ಎಂತ ಫೋನ್ ಮಾಡಿತಾ?"

ಮಕ್ಕಳೆಲ್ಲ ನಕ್ಕರು. ಅವರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. "ನನಗೆ ಈ ಕಡೆ ಮಾತು ಗೊತ್ತಾಗೋದಿಲ್ಲ. ನೀವು ಹೇಳಿ. ಇದನ್ನ ಓದಿದ್ದು ಅಂತ ಹಾಕ್ಲಾ?"

ಹೌದು ಎಂದು ನನಗೆ ಗೊತ್ತಿತ್ತು. ನನ್ನ ಆರು ಮಕ್ಕಳಲ್ಲಿ ಇಬ್ಬರು ಕಾರ್ಡಿನ ಮಾತನ್ನು ಸ್ವಲ್ಪವೂ ತಪ್ಪದೆ ಹೇಳಿದ್ದರು. ಅಜ್ಜಿ ಎಲ್ಲಿಂದ ಬಂದಳು ಎಂದು ಕೇಳಿದ್ದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ. ಅದೂ ಗೊತ್ತಿತ್ತು.

"ನಮ್ಮ ಮಕ್ಕಳು ಹಾಗೆ ಓದುವುದಿಲ್ಲ ಸರ್," ಎಂದೆ.

ಅದು ಸುಳ್ಳಲ್ಲ. ಬಾಗಿಲ ಬದಿಯ ಆರು ಮಕ್ಕಳು ಹಾಗೆ ಓದುತ್ತಿರಲಿಲ್ಲ. ಪರೀಕ್ಷೆ ಮಾಡಲು ಬಂದವರು ತಲೆಯಾಡಿಸಿ ಏನೋ ಬರೆದುಕೊಂಡರು. ಅಕ್ಕ ಕೂತಳು. ಆ ಹುಡುಗಿ ಕಾರ್ಡು ಹಿಡಿದುಕೊಂಡೇ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು.

ಆ ಸಂಜೆ ರಸ್ತೆಯವರೆಗೆ ಒಟ್ಟಿಗೆ ನಡೆದೆವು. "ನಿನ್ ಭಾಷಿ ಚಂದ ಇತ್ ಹೆಣೆ," ಎಂದಳು ಅಕ್ಕ. "ಟೀವಿಯಗ್ ವಾರ್ತಿ ಓದುಕ್ ಹೋಯ್ಲಕ್." ಎಂದಿನ ಹಾಗೆ ನಕ್ಕಳು. ನಾನೂ ನಕ್ಕೆ. ಅವಳು ಜಗಳವಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ, ತಪ್ಪಾಯಿತು ಎಂದೂ ಹೇಳುತ್ತಿದ್ದೆನೋ. ಅವಳು ನಕ್ಕದ್ದರಿಂದ ಅದಕ್ಕೆ ಎಡೆಯೇ ಸಿಗಲಿಲ್ಲ.

ಜೂನಿನಲ್ಲಿ ಬಂದ ಆದೇಶದಲ್ಲಿ ನನ್ನ ಹೆಸರು ಇತ್ತು. ಅಕ್ಕ ಗೇರುಬೀಜದ ಕಾರ್ಖಾನೆಗೆ ಹೋಗತೊಡಗಿದಳು. ಅವಳ ಆರು ಮಕ್ಕಳಲ್ಲಿ ಮೂವರು ನನ್ನ ಗುಂಪಿಗೆ ಬಂದರು, ಬೀಜಾಡಿಯ ಹುಡುಗಿಯೂ. 'ಬತ್ತೆ' ಎಂದಾಗಲೆಲ್ಲ ಅವಳನ್ನು ನಿಲ್ಲಿಸಿ, "ಇನ್ನೊಮ್ಮೆ, ಸರಿಯಾಗಿ," ಎನ್ನುತ್ತಿದ್ದೆ. ಉಳಿದವರು ಕಿಸಕ್ಕೆಂದು ನಗುತ್ತಿದ್ದರು. ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳ ಸ್ವರ ಸಣ್ಣದಾಗುತ್ತ ಬಂತು. ದಸರಾ ರಜೆ ಮುಗಿದ ಮೇಲೆ ವಿಶೇಷ ಪಾಠಕ್ಕೆ ಅವಳು ಬರಲಿಲ್ಲ.

ಮರುವರ್ಷ ಅಕ್ಕನಿಗೆ ಹೊಟ್ಟೆಯ ಕಾಯಿಲೆ ಬಂತು. ಗೊತ್ತಾಗುವಾಗ ಎಲ್ಲ ಮೀರಿತ್ತು. ಆಸ್ಪತ್ರೆಯಲ್ಲಿ ನಾನು ಒಬ್ಬಳೇ ಅವಳ ಹತ್ತಿರ ಇದ್ದ ಒಂದು ಬೆಳಿಗ್ಗೆ, ಗಂಜಿ ಕುಡಿಸುತ್ತಿದ್ದಾಗ ಕೇಳಿದಳು.

"ಬೀಜಾಡಿ ಹೆಣ್ಣ್ ಈಗ ಓದ್ತಾ?"

"ಓದ್ತ್ ಅಕ್ಕಾ. ಪಟಪಟ ಓದ್ತ್."

"ಶಾಲಿ ಅಂಗಿ ಹಾಕ್ತಾ?"

"ಹಾಕ್ತ್."

"ಆಯ್ತ್ ಹಂಗಾರೆ," ಎಂದು ಕಣ್ಣು ಮುಚ್ಚಿದಳು. ಆ ಕಾರ್ಡಿನ ಮಾತು ಎತ್ತಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಸಂಜೆ ಹೇಳುವ ಎಂದುಕೊಂಡೆ. ಸಂಜೆ ಅವಳಿಗೆ ನನ್ನ ಗುರುತು ಹತ್ತಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಭಾವ ಅವಳ ಒಂದು ನೋಟ್‌ಬುಕ್ಕು ಕೊಟ್ಟರು. ಮಕ್ಕಳು ಬಾಯಲ್ಲಿ ಹೇಳಿದ್ದನ್ನು ಹಲಗೆಯಿಂದ ಅಳಿಸುವ ಮೊದಲು ಅವಳು ಅದರಲ್ಲಿ ಬರೆದಿಟ್ಟಿದ್ದಳು. ಆ ಹುಡುಗಿಯ ಮಾತೇ ಎಂಟು ಪುಟ ಇತ್ತು. ಅಕ್ಕನಿಗೆ ಹೇಳಿದ್ದನ್ನು ತಡವಾಗಿಯಾದರೂ ನಿಜ ಮಾಡಬಹುದು ಎಂದು ನನಗೆ ಆಸೆಯಾಯಿತು. ಮುಂದಿನ ಭಾನುವಾರ ಬೀಜಾಡಿಗೆ ಹೋದೆ.

ಹುಡುಗಿಯ ತಾಯಿ ಅಂಗಳದಲ್ಲಿ ಸಿಗಡಿ ಒಣಗಿಸುತ್ತಿದ್ದಳು. "ಹ್ವಾಯ್ ಟೀಚರ್ರೆ, ಬನ್ನಿ, ಕೂಕಣಿ. ದೊಡ್ಡ್ ಟೀಚರ್ ಸುದ್ದಿ ಕೇಂಡ್ ಹೆಣ್ಣ್ ಎರಡ್ ದಿನ ಉಂಡಿಲ್ಲೆ ಕಾಣಿ," ಎನ್ನುತ್ತ ಚಾ ಮಾಡಲು ಒಳಗೆ ಹೋದಳು. ಹುಡುಗಿ ಬಾಗಿಲಿಗೆ ಬಂದು ನಿಂತಳು. ಉದ್ದ ಬೆಳೆದಿದ್ದಳು. ನಾನು ನೋಟ್‌ಬುಕ್ಕಿನಲ್ಲಿ ಅವಳ ಪುಟ ತೆಗೆದು ಮುಂದೆ ಹಿಡಿದೆ. "ಇದ್ ನೀನೇ ಹೇಳದ್. ನಿನ್ ಮಾತೇ. ಹ್ಯಾಂಗ್ ಬೇಕಾರೂ ಓದ್, ನಾ ಎಂತದೂ ಹೇಳುದಿಲ್ಲೆ."

ಅವಳು ಪುಟವನ್ನು ನೋಡಿದಳು. ಅಕ್ಕನ ಅಕ್ಷರದ ಗುರುತು ಸಿಕ್ಕಿರಬೇಕು, ತುಟಿ ಒಮ್ಮೆ ಅಲುಗಿತು. ಆಮೇಲೆ ಎರಡೂ ಕೈ ಹಿಂದಕ್ಕೆ ಕಟ್ಟಿ, ನಾನು ಹೇಳಿಕೊಟ್ಟಿದ್ದ ಹಾಗೆ ನೆಟ್ಟಗೆ ನಿಂತಳು.

"ನನಗೆ ಓದಲು ಬರುವುದಿಲ್ಲ, ಟೀಚರ್."

ಒಳಗಿನಿಂದ ಅವಳ ತಾಯಿ ಹೇಳಿದಳು: "ಕೇಂಡ್ರ್ಯಾ ಟೀಚರ್ರೆ? ನಿಮ್ಮ್ ಹತ್ರ ಕಲ್ತ ಮೇಲ್ ಎಷ್ಟ್ ಚಂದ ಮಾತಾಡ್ತ್ ಕಾಣಿ."