ಹದಿನೆಂಟು ಹೆಜ್ಜೆಯ ಕೋಡಿ

ನಮ್ಮೂರ ನೀರುಗಂಟಿಯ ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನಿಂದ ಎರಡು ಬೆರಳಗಲ ದೂರ ನಿಂತಿತ್ತು. ಕೆಸರಲ್ಲಿ ನಡೆದು ನಡೆದು ಹಾಗಾಗಿತ್ತು. ಊರ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಕೆ.ಆರ್. ಪೇಟೆಯ ಈ ಕಡೆ ಯಾರು ಹೊಲದಲ್ಲಿ ಕಟ್ಟೆ ಕಟ್ಟಿಸಿದರೂ, ಹೆಚ್ಚಿದ ನೀರು ಹೊರಬೀಳುವ ಕೋಡಿ ಎಷ್ಟಗಲ ಬೇಕೆಂದು ಅವನನ್ನೇ ಕೇಳುತ್ತಿದ್ದರು.

ತೊಂಬತ್ತರ ಈಚೆಗೆ ನಾವೂ ಒಂದು ಕಟ್ಟೆ ಕಟ್ಟಿಸಿದೆವು. ಅವನು ಬಂದವನು ಕಟ್ಟೆಯ ಕಡೆ ನೋಡಲೇ ಇಲ್ಲ. ಹಳ್ಳಕ್ಕಿಳಿದು ಲಕ್ಕಿ ಗಿಡಗಳಲ್ಲಿ ಸಿಕ್ಕಿಕೊಂಡಿದ್ದ ಒಣ ಕಸ ಹುಡುಕಿದ. ಹಿಂದಿನ ದೊಡ್ಡ ಮಳೆಗಳಲ್ಲಿ ನೀರು ಎಲ್ಲಿವರೆಗೆ ಬಂದಿತ್ತೆಂದು ಆ ಕಸ ಹೇಳುತ್ತದಂತೆ. ಈ ದಡದ ಕಸದಿಂದ ಆ ದಡದ ಕಸದವರೆಗೆ ಹೆಜ್ಜೆ ಹಾಕಿ, "ಹದಿನೆಂಟು" ಅಂದ.

"ಏನ್ಲಾ, ಏರಿಗಿಂತ ಕೋಡಿನೇ ದೊಡ್ಡದಾಯ್ತಲ್ಲಲಾ! ಕಟ್ಟೆ ಕಟ್ಸುದ್ದು ನೀರ್ ಓಡ್ಸಾಕ?" ಅಂದರು ನಮ್ಮ ಯಜಮಾನರು.

"ಗೌಡ್ರೇ, ನೀರು ಕರೀದೆ ಬರೋ ನೆಂಟ. ಬಾಗ್ಲು ಚಿಕ್ಕದ್ ಮಡಗಿದ್ರೆ ಗ್ವಾಡೆ ಒಡ್ಕಂಡು ಓಯ್ತಾನೆ."

ಯಜಮಾನರು ಗೊಣಗಿಕೊಂಡೇ ಹದಿನೆಂಟು ಹೆಜ್ಜೆ ಬಿಟ್ಟು ಕಲ್ಲು ಹಾಸಿಸಿದರು. ಹೊರಡುವಾಗ ಅವನು ನನಗೂ ಹೇಳಿದ: "ಅವ್ವಾರೆ, ಇದ್ಕೆ ಅಡ್ಡ ಏನೂ ಕಟ್ಬ್ಯಾಡಿ. ಒಂದ್ ಮುಳ್ಳೂವೆ ಬ್ಯಾಡ."

ನಾನು ಕಟ್ಟಿದೆ. ಅಕ್ಕಿಹೆಬ್ಬಾಳಿನ ತವರಿಂದ ಬಿಂದಿಗೆಯಲ್ಲಿ ಮೀನುಮರಿ ತಂದು ಬಿಟ್ಟಿದ್ದೆ. ಮೂರನೇ ವರ್ಷಕ್ಕೆ ಮೊಣಕೈ ಉದ್ದ ಬೆಳೆದಿದ್ದವು. ಕೋಡಿ ಬಿದ್ದರೆ ಮೀನೂ ಹೋಗುತ್ತವಲ್ಲ ಎಂದು ಬಿದಿರಿನ ತಟ್ಟಿ ತಂದು ಅಡ್ಡ ಬಿಗಿದೆ. ಯಜಮಾನರು ಆ ವಾರ ಮಗಳ ಮನೆಯಲ್ಲಿದ್ದರು.

ಎರಡು ದಿನ ಮಳೆ ಬಿಡಲಿಲ್ಲ. ತೆಂಗಿನ ಗರಿ, ಮುಳ್ಳುಕಂಟಿ ಬಂದು ಮೆತ್ತಿಕೊಂಡು ತಟ್ಟಿ ಗೋಡೆಯಾಯಿತು. ನೀರುಗಂಟಿ ಓಡಿಬಂದು, ಸೊಂಟಮಟ್ಟದ ನೀರಲ್ಲಿ ನಿಂತು ಅದನ್ನು ಕಿತ್ತ. ಅಷ್ಟರಲ್ಲಿ ನೀರು ಏರಿಯ ಮೇಲೆ ಹತ್ತಿ, ನಡುವೆ ಒಡೆದುಕೊಂಡು ಹೋಯಿತು. ಕೆಳಗಿದ್ದ ಅವನ ಗದ್ದೆ ಮರಳಿನಡಿ ಸೇರಿತು. ತಟ್ಟಿ ಹಳ್ಳದ ಪಾಲು. ಕಂಡವರು ನಾವಿಬ್ಬರೇ.

ಯಜಮಾನರು ಬಂದು ಊರೆಲ್ಲ ಸಾರಿದರು: "ಅವನ್ ಕಾಲಳ್ತೆ ನಂಬಿ ಕೆಟ್ಟೆ ಕಣ್ರಲಾ!" ಆಮೇಲೆ ಯಾರೂ ಅವನನ್ನು ಕರೆಯಲಿಲ್ಲ. ಕೆರೆಯ ತೂಬೂ ಬೇರೆಯವನ ಕೈಗೆ ಹೋಯಿತು.

ಒಂದು ಸಲ ಹಿತ್ತಿಲ ಬೇಲಿಯ ಹತ್ತಿರ ಬಂದು ನಿಂತ. "ಗದ್ದೆ ಓಗ್ಲಿ ಬುಡಿ ಅವ್ವಾರೆ. ನಾನ್ ಯೋಳುದ್ರೆ ಯಾರ್ ನಂಬ್ತಾರೆ? ಅಳ್ತೆ ಸರ್ಯಾಗಿತ್ತು ಅಂತ ನೀವೊಂದ್ ಮಾತು ಯೋಳ್ಬುಡಿ."

"ಯೋಳ್ತೀನಿ ಓಗು" ಅಂದೆ. ಹೇಳಲಿಲ್ಲ. ಗಂಡನಿಗೆ ಹೆದರಿದೆ ಅನ್ನಬಹುದು. ಅದೂ ಪೂರ್ತಿ ನಿಜವಲ್ಲ. ದಿನ ಕಳೆದಷ್ಟೂ ಸುಮ್ಮನಿರುವುದು ಸಲೀಸಾಯಿತು. ಅವನು ಮತ್ತೆ ಕೇಳಲಿಲ್ಲ. ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಿದ್ದ, ಅಷ್ಟೆ.

ಅವನು ಸತ್ತ ದಿನ ಹೋಗಿ, ತಟ್ಟಿ ಕಟ್ಟಿದವಳು ನಾನೆಂದು ಅವನ ಹೆಂಡತಿಗೆ ಹೇಳಿದೆ. ಅವಳು ತಲೆ ಎತ್ತಲಿಲ್ಲ. "ನಂಗೆ ಆವತ್ತೇ ಯೋಳಿದ್ದ ಕನ್ರವ್ವ. ಗೊತ್ತಿಲ್ದೋರ್ಗೆ ಯೋಳೋಗಿ."

ಅಂಗಳದಲ್ಲಿ ಕೂತಿದ್ದ ಗಂಡಸರಿಗೆ ಹೇಳಿದೆ. ಒಬ್ಬ ಮುದುಕ ನಕ್ಕ. "ಸತ್ತೋನ್ ಮ್ಯಾಲಿನ ತಪ್ಪ ನೀನ್ ಒತ್ಕತೀಯ? ಒಳ್ಳೆ ಮನ್ಸು ಕನವ್ವ ನಿಂದು."

ಉಳಿದವರೂ ಹೌದೆಂದು ತಲೆಯಾಡಿಸಿದರು.

ಕಟ್ಟೆಯನ್ನು ಮತ್ತೆ ಕಟ್ಟಲಿಲ್ಲ. ಏರಿ ಒಡೆದಲ್ಲಿ ಜಾಲಿ ಬೆಳೆದಿದೆ. ಕೋಡಿಯ ಕಲ್ಲು ಒಂದೂ ಅಲುಗಿಲ್ಲ. ಅವನ ಹದಿನೆಂಟು ಹೆಜ್ಜೆ ನನ್ನ ಹೆಜ್ಜೆಯಲ್ಲಿ ಇಪ್ಪತ್ತಾರು.