ಜಪ್ಪಯ್ಯ ಅಂದರೂ ಏಳದ ಹೆಡ್ಡು

ಚಿನ್ನೂ, ಪುಟ್ಟಾ, ಅಜ್ಜನ ಕಾರಿನ ಕಥೆಯನ್ನು ನಿಮ್ಮ ಅವ್ವ ಒಂದು ರೀತಿ ಹೇಳುತ್ತಾಳೆ, ಅಜ್ಜನ ಗೆಳೆಯರು ಇನ್ನೊಂದು ರೀತಿ ಹೇಳುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದವಳು ನಿಮ್ಮ ಅಜ್ಜಿಯಾದ ನಾನು. ನಾಲ್ಕು ಜನರೆದುರು ಬಾಯಿ ಬಿಡಲು ನನಗೆ ಮೊದಲಿನಿಂದಲೂ ಸಂಕೋಚ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ, ಅದೇ ಸುಖ.

ಚಿನ್ನೂ, ನೀನು ಆಗಷ್ಟೇ ಹುಟ್ಟಿದ್ದೆ. ಮೊದಲ ಮೊಮ್ಮಗಳು ದವಾಖಾನೆಯಿಂದ ತಾರ್ನಾಕದ ಮನೆಗೆ ನಮ್ಮ ಕಾರಿನಲ್ಲೇ ಬರುತ್ತಾಳೆ ಎಂದು ಅಜ್ಜ ಬೀಗರಿಗೆ ಮಾತು ಕೊಟ್ಟುಬಿಟ್ಟಿದ್ದರು. ಅದೇ ಹೊತ್ತಿಗೆ ಎಂಜಿನ್ನಿನ ಎಣ್ಣೆಗೆ ನೀರು ಸೇರಿ ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ನೀರು ಎಣ್ಣೆಗೆ ಸೇರದಂತೆ ತಡೆಯುವ ಒಳಗಿನ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂತ ಹೆಡ್ಡನ್ನು ಎತ್ತಿ ಹೊಸ ಗ್ಯಾಸ್ಕೆಟ್ ಹಾಕಿದರಾಯಿತು, ಅರ್ಧ ದಿನದ ಕೆಲಸ ಎಂದರು ಅಜ್ಜ.

ಮೆಕ್ಯಾನಿಕ್ಕನನ್ನು ಕರೆಯಬಹುದಿತ್ತು. ಆದರೆ ಅಜ್ಜ ಮತ್ತು ಅವರ ಮೂವರು ಗೆಳೆಯರು ಕೇಂದ್ರ ಸರ್ಕಾರದ ಕಾರ್ಖಾನೆಯಿಂದ ನಿವೃತ್ತರಾದವರು. ದೇಶಕ್ಕೇ ಯಂತ್ರ ಕಟ್ಟಿಕೊಟ್ಟವರು ಓಣಿಯ ಮೆಕ್ಯಾನಿಕ್ಕನ ಮುಂದೆ ಕೈಕಟ್ಟಿ ನಿಲ್ಲುವುದುಂಟೆ? ಯಾರು ಏನು ಕಟ್ಟಿದ್ದರು ಎಂದು ಹೆಂಗಸರಾದ ನಾವು ಕೇಳುತ್ತಿರಲಿಲ್ಲ. ಅಜ್ಜ ಸ್ಟೋರ್ಸ್‌ನವರು, ನಟ್ಟು ಬಿಚ್ಚುವ ಪಾನಾ ಕೊಡುವುದು, ಕೊಟ್ಟ ಪಾನಾ ವಾಪಸು ಕೇಳುವುದು ಅವರ ಕೆಲಸ. ಒಬ್ಬ ಗೆಳೆಯರು ಮಷಿನ್ ಶಾಪಿನವರು, ಇನ್ನೊಬ್ಬರು ಪ್ಲಾನಿಂಗ್‌ನವರು. ಮೂರನೆಯವರು ಇನ್‌ಸ್ಪೆಕ್ಷನ್, ಏನನ್ನೂ ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು.

ಬೇವಿನ ಮರದಡಿ ಚಾ ಕುಡಿಯುತ್ತ ಕೆಲಸ ಹಂಚಿಕೊಂಡರು. ಹೆಡ್ಡಿನ ಮುಂದಿನ ನಟ್ಟುಗಳು ಮಷಿನ್ ಶಾಪಿಗೆ, ಹಿಂದಿನವು ಪ್ಲಾನಿಂಗಿಗೆ. ಇಬ್ಬರೂ ಬಿಚ್ಚಿ ಮುಗಿಸಿದ ಮೇಲೆ ಇನ್‌ಸ್ಪೆಕ್ಷನ್‌ನವರು ಬಗ್ಗಿ ನೋಡಿ, "ಪಾಸ್" ಎಂದರು.

ಹೆಡ್ಡು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸೀಮೆಎಣ್ಣೆ ಸುರಿದರು. ಕಟ್ಟಿಗೆ ಇಟ್ಟು ಸುತ್ತಿಗೆಯಿಂದ ಬಡಿದರು.

"ಹಗೂರಕ ಬಡೀರಿ, ಅದೇನ್ ನಿಮ್ಮ ಮಾವನ ಮನಿ ಬಾಗಿಲೇನು?" ಎಂದರು ಅಜ್ಜ.

ಕೊನೆಗೆ ಮರದ ಕೊಂಬೆಗೆ ಕಪ್ಪಿ ಕಟ್ಟಿ, ಹೆಡ್ಡಿಗೆ ಸರಪಳಿ ಬಿಗಿದು ಎಳೆದರು.

"ಬಂತು, ಬಂತು!" ಎಂದು ಪ್ಲಾನಿಂಗ್‌ನವರು ಕುಣಿದರು.

"ಏನ್ ಬಂತ್ರೀ? ಪೂರಾ ಗಾಡೀನ ಮ್ಯಾಲ ಹೊಂಟೈತಿ, ಇಳಸ್ರಿ!" ಎಂದು ಮಷಿನ್ ಶಾಪಿನವರು ಚೀರಿದರು. ನಿಜವಾಗಿಯೂ ಮುಂದಿನ ಗಾಲಿಗಳು ನೆಲ ಬಿಟ್ಟಿದ್ದವು.

"ಎಲ್ಲ್ಯರ ಒಂದ್ ನಟ್ಟ ಉಳದೈತೇನ ನೋಡ್ರಿ," ಎಂದರು ಅಜ್ಜ.

"ನನ್ನ ಪಾಲಿನ ಮುಂದಿನವು ನಾ ಬಿಚ್ಚೀನಿ."

"ಹಿಂದಿನವು ನಾನೂ ಬಿಚ್ಚೀನಿ."

"ನಾ ಪಾಸ್ ಮಾಡಿದ್ದನ್ನ ಮತ್ತ ನೋಡೂದಂದ್ರ ಇಜ್ಜತ್ ಏನ್ ಉಳೀತು?" ಎಂದು ಇನ್‌ಸ್ಪೆಕ್ಷನ್‌ನವರು ಮುಖ ತಿರುಗಿಸಿದರು.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡು ಮೂವರು ಚಾಪೆಯ ಮೇಲೆ ಗೊರಕೆ ಹೊಡೆದರು. ಆಗ ಇನ್‌ಸ್ಪೆಕ್ಷನ್‌ನವರು ಒಬ್ಬರೇ ಎದ್ದು ಬಂದರು. ಬಿಳಿ ಅಂಗಿಯ ತೋಳು ಮೇಲೇರಿಸಿ ಹೆಡ್ಡಿನ ನಟ್ಟನಡುವೆ ಕರಿ ಜಿಡ್ಡು ಕೆರೆದರು. ಅಲ್ಲೊಂದು ನಟ್ಟಿತ್ತು. ಮುಂದಿನದೂ ಅಲ್ಲ, ಹಿಂದಿನದೂ ಅಲ್ಲ, ಹಾಗಾಗಿ ಯಾರ ಪಾಲಿಗೂ ಬಂದಿರಲಿಲ್ಲ. ಸದ್ದಿಲ್ಲದೆ ಬಿಚ್ಚಿ ಕಿಸೆಗೆ ಹಾಕಿಕೊಂಡು ತಲೆ ಎತ್ತಿದರೆ, ಕಿಟಕಿಯಲ್ಲಿ ನಾನು.

"ವೈನಿ, ನೀವೇನೂ ನೋಡಿಲ್ರಿ."

"ಇಲ್ರಿ ಅಣ್ಣಾರ."

"ಹಂಗಾರ ಒಂಚೂರು ಸಾಬೂನ ಕೊಡ್ರಿ."

ಆ ಅಣ್ಣನೂ ಹೋದರು, ನಿಮ್ಮ ಅಜ್ಜನೂ ಹೋದರು. ಈಗ ಬರೆದರೆ ಯಾರಿಗೂ ನೋವಿಲ್ಲ.

ಸಂಜೆ ಎಳೆದಾಗ ಹೆಡ್ಡು ಹಂಚಿನಿಂದ ರೊಟ್ಟಿ ಎದ್ದಂತೆ ಎದ್ದಿತು. ತನ್ನ ಸುತ್ತಿಗೆಯಿಂದ ಎಂದರು ಒಬ್ಬರು, ತನ್ನ ಕಪ್ಪಿಯಿಂದ ಎಂದರು ಇನ್ನೊಬ್ಬರು. ಅಜ್ಜ ಸೀಮೆಎಣ್ಣೆಯ ಡಬ್ಬಿಯನ್ನು ಎತ್ತಿ ತೋರಿಸಿದರು. ಆದರೆ ಅಷ್ಟು ಎಳೆದಾಟಕ್ಕೋ ಏನೋ, ಹೆಡ್ಡಿನ ತಳ ಸೊಟ್ಟಗಾಗಿತ್ತು. ಜೀಡಿಮೆಟ್ಲಾದ ವರ್ಕ್‌ಶಾಪಿನಲ್ಲಿ ಸಾಣೆ ಹಿಡಿಸಿ ತರಲು ವಾರವಾದರೂ ಬೇಕು. ನೀನು ಬರುವುದು ಮರುದಿನ ಬೆಳಿಗ್ಗೆ.

ಅಜ್ಜ ಚಾ ಮುಟ್ಟಲಿಲ್ಲ. "ಬೀಗರ ಮುಂದ ಹೆಂಗ ಮಾರಿ ತೋರಸ್ಲಿ?" ಎಂದು ಕಟ್ಟೆಯ ಮೇಲೆ ಕೂತುಬಿಟ್ಟರು. ಗೆಳೆಯರೆಲ್ಲ ಅಲ್ಲೇ ಇದ್ದರು. ನನಗೆ ಹೇಗೆ ಬಾಯಿ ಬಂತೋ ತಿಳಿಯದು. ಬಾಗಿಲ ಹಿಂದಿನಿಂದಲೇ, "ಎಂಜಿನ್ ಇಲ್ಲಾಂದ್ರ ಏನಾತ್ರಿ, ಗಾಲಿ ಅದಾವಲ್ಲ," ಎಂದೆ.

ಬೆಳಿಗ್ಗೆ ದವಾಖಾನೆಯಿಂದ ನಿನ್ನನ್ನೂ ಅವ್ವನನ್ನೂ ಬೀಗರು ಕರೆತಂದ ಆಟೊ ಓಣಿಯ ತಿರುವಿಗೆ ಬಂದಾಗ, ಅಲ್ಲಿಯ ತನಕ ತಳ್ಳಿ ತಂದ ಕಾರು ಮಾಲೆ ಹಾಕಿಕೊಂಡು ನಿಂತಿತ್ತು. ಹಿಂದಿನ ಸೀಟಿನಲ್ಲಿ ನಿನ್ನನ್ನು ಎತ್ತಿಕೊಂಡು ಅವ್ವ ಕೂತಳು, ಸ್ಟೇರಿಂಗ್ ಹಿಡಿದು ಅಜ್ಜ. ಮೂವರೂ ನಿವೃತ್ತರು ಹಿಂದೆ ನಿಂತು ತಳ್ಳಿದರು. ಪಕ್ಕದ ಮನೆಯವರು ಪೆಟ್ರೋಲ್ ಮುಗಿಯಿತೇ ಎಂದು ತೆಲುಗಿನಲ್ಲಿ ಕೇಳಿದರು. ಮಗು ಮಲಗಿದೆ, ಸದ್ದಾಗಬಾರದೆಂದು ಎಂಜಿನ್ ಬಂದ್ ಇಟ್ಟಿದ್ದೇವೆ ಎಂದು ಅಜ್ಜ ಹಾರ್ನ್ ಒತ್ತುತ್ತಲೇ ಉತ್ತರ ಕೊಟ್ಟರು.

ಆಟೊದಿಂದ ಇಳಿದ ಬೀಗರು ಕಾರಿಗೆ ಒಂದು ಸುತ್ತು ಹಾಕಿ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಧೋತರ ಮೇಲೆ ಕಟ್ಟಿ, ತಾವೂ ಒಂದು ಕೈ ಹಚ್ಚಿದರು. ಕಾರು ಬಾಗಿಲ ತನಕ ಬಂತು. ಅಜ್ಜನ ಮಾತು ಉಳಿಯಿತು.

ಮಳೆಗಾಲದಲ್ಲಿ ನಮ್ಮ ಕಪಾಟಿಗೆ ತೇವ ಹಿಡಿಯುತ್ತದೆ. ಈ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲಿನ ಹಲಗೆಯ ಮೇಲೆ ಇಡಿ, ಮಕ್ಕಳೇ. ಇನ್ನೊಮ್ಮೆ ಬರೆಯುವಷ್ಟು ಕಣ್ಣು ನನಗಿಲ್ಲ.