ಕಣ್ಣು ಮುಚ್ಚಿ ಸೈಕಲ್ ಕೇಳುತ್ತಿದ್ದ ಮಾದಣ್ಣ

ರಿಪೇರಿಗೆ ಸೈಕಲ್ ತಂದವರನ್ನು ಕೊಳ್ಳೇಗಾಲದ ಮಾದಣ್ಣ ಮೊದಲು ಅಂಗಡಿ ಮುಂದೆ ಒಂದು ಸುತ್ತು ಹೊಡೆಸುತ್ತಿದ್ದರು. ತಾವು ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದರು. "ಇಂದ್ಗಡೆ ಬೇರಿಂಗು ಓಗ್ಬುಟ್ಟದೆ" ಎಂದರೆ ಹಿಂದಿನ ಚಕ್ರದ ಬೇರಿಂಗ್ ಹೋಗಿದೆ ಎಂದೇ ಅರ್ಥ; ಬಿಚ್ಚಿ ನೋಡುವುದು ನಮ್ಮ ಸಮಾಧಾನಕ್ಕೆ.

ಯಳಂದೂರಿನ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವ ನಾನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ವಿಯೆಟ್ನಾಂ, ಲಾವೋಸ್, ಥಾಯ್ಲೆಂಡ್, ಮಲೇಷ್ಯಾ ನಾಲ್ಕೂ ದೇಶ ಒಬ್ಬಳೇ ಸೈಕಲ್ ತುಳಿಯುತ್ತೇನೆ ಎಂದಾಗ ಮನೆಯವರು ನಕ್ಕರು. ಮಾದಣ್ಣ ನಗಲಿಲ್ಲ. "ಏನೇನ್ ಒತ್ಕಂಡು ಓದೀರಿ, ತನ್ನಿ ನೋಡವ" ಎಂದರು. ನನ್ನ ಚೀಲಗಳನ್ನು ಗೋಣಿತಾಟಿನ ಮೇಲೆ ಸುರಿದು, ಒಂದೊಂದನ್ನೇ ಎತ್ತಿ ಕೇಳಿದರು: "ಇದ ಬೇಕು ಅಂತ ಮಡಗಿದ್ದೀರೋ, ಬಯಕ್ಕೆ ಮಡಗಿದ್ದೀರೋ?" ಮೂರು ಟಾರ್ಚು, ಎರಡು ಕಂಬಳಿ, ನಾಲ್ಕು ಡಬ್ಬ ಚಟ್ನಿಪುಡಿ. ಅರ್ಧಕ್ಕರ್ಧ ಭಯವೇ. ಜಗಳವಾಡಿ ಒಂದು ಡಬ್ಬ ಚಟ್ನಿಪುಡಿ ಉಳಿಸಿಕೊಂಡೆ.

ಹರೆಯದಲ್ಲಿ ಅವರು ಹನೂರು ಕಡೆಯ ಹಳ್ಳಿಗಳಿಂದ ಕೊಳ್ಳೇಗಾಲದ ಮಾರುಕಟ್ಟೆಗೆ ಸೈಕಲ್ಲಿನಲ್ಲಿ ರೇಷ್ಮೆಗೂಡು ಸಾಗಿಸಿದವರು. ಗೂಡು ಹಗುರ, ಆದರೆ ಮೂಟೆ ಆಳೆತ್ತರ. ಬಿಗಿದರೆ ಗೂಡು ಅಪ್ಪಚ್ಚಿ, ಸಡಿಲ ಬಿಟ್ಟರೆ ಗಾಳಿ ಸೈಕಲ್ಲನ್ನೇ ಹೊಲಕ್ಕೆ ತಳ್ಳುತ್ತದೆ. ಆ ಕಟ್ಟುವ ವಿದ್ಯೆಯನ್ನು ನನಗೂ ಕಲಿಸಿದರು. ಕಟ್ಟಿದ ಹಗ್ಗದ ಕೆಳಗೆ ಬೆರಳು ತೂರಿಸಿ ನೋಡುವರು: "ಎಲ್ಡು ಬೆಳ್ಳು ಓಗ್ಬೇಕು, ಮೂರ್ನೇದು ಓಗ್ಬಾರ್ದು." ಹತ್ತು ಸಲ ಬಿಚ್ಚಿಸಿ ಹತ್ತು ಸಲ ಕಟ್ಟಿಸಿದರು. ಮಕ್ಕಳಿಗೆ ಇಂಪೊಸಿಷನ್ ಬರೆಸುವ ನನಗೆ ಒಳ್ಳೆಯ ಶಾಸ್ತಿಯಾಯಿತು.

ಕೊನೆಗೆ ಭಾರ ಹೇರಿಕೊಂಡು ತಮಿಳುನಾಡು ಗಡಿಯ ಪಾಲಾರ್‌ವರೆಗೆ ಹೋಗಿಬನ್ನಿ ಎಂದು ಕಳಿಸಿದರು. ಕಾಮಗೆರೆ ದಾಟುವಷ್ಟರಲ್ಲೇ ಹಿಂದಿನ ಚಕ್ರದ ಕಡ್ಡಿ ಪಟ್ಟನೆ ಮುರಿಯಿತು. ಮಾದಣ್ಣನಿಗೆ ಫೋನ್ ಮಾಡಿದೆ. ಬಸ್ಸಿಳಿದು ಬಂದವರು ಮೋರಿಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರೇ ಹೊರತು ಚಕ್ರ ಮುಟ್ಟಲಿಲ್ಲ. ಫ್ರೀವೀಲ್ ಕಳಚಿ, ಹೊಸ ಕಡ್ಡಿ ತೂರಿಸಿ, ಚಕ್ರದ ಓಲಾಟ ನಿಲ್ಲಿಸಲು ಬಿಸಿಲಲ್ಲಿ ಎರಡು ಗಂಟೆ ಒದ್ದಾಡಿದೆ. ಮೈಯೆಲ್ಲ ಉರಿದು, "ಮತ್ಯಾಕೆ ಬಂದ್ರಿ?" ಎಂದು ರೇಗಿದೆ.

"ಒಬ್ರೇ ಕೂತ್ಕಂಡು ಅಳ್ಬಾರ್ದಲ್ಲ, ಅದ್ಕೆ ಬಂದೆ ಕನವ್ವ. ಲಾವೋಸ್ಗೆ ಕೊಳ್ಳೇಗಾಲದ ಬಸ್ಸು ಓಗಲ್ಲ."

ಅಂದು ಬಂದದ್ದು ನಿಜವಾದ ಸಿಟ್ಟೇ. ಎರಡು ದಿನ ಅವರೊಂದಿಗೆ ಮಾತು ಬಿಟ್ಟಿದ್ದೆ.

ವಿಮಾನಕ್ಕೆಂದು ಸೈಕಲ್ಲನ್ನು ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ತುಂಬುವ ದಿನ, "ನೀವೇ ಬಿಚ್ಕಳಿ, ನನ್ ಕೈಲಿ ಆಗಲ್ಲ" ಎಂದು ಟೀ ಕುಡಿಯಲು ಹೋಗಿಬಿಟ್ಟರು. ವಾಪಸು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು, "ನಾಕು ದೇಸನೂ ಮುಗುಸ್ಬುಟ್ಟೇ ಬನ್ನಿ" ಎಂದರು.

ಸಂಬಳವಿಲ್ಲದ ರಜೆ ಹಾಕಿ ಐದು ತಿಂಗಳು ತುಳಿದೆ. ಮಾದಣ್ಣನ ಹತ್ತಿರ ಫೋಟೋ ಬರುವ ಫೋನಿರಲಿಲ್ಲ. ಅವರ ಮಗಳು ಪುಷ್ಪಳಿಗೆ ಕಳಿಸುತ್ತಿದ್ದೆ. ಅಪ್ಪ ಹೇಳಿದ್ದನ್ನು ಅವಳು ಬರೆದು ಕಳಿಸುತ್ತಿದ್ದಳು: "ಬಿರೇಕು ನೋಡ್ಕಳಿ." "ಸರಿ, ಮುಂದ್ಕೋಗಿ."

ಊರಿಗೆ ಬಂದವಳೇ ಅಂಗಡಿಗೆ ಹೋದೆ. ಬೀಗ ಹಾಕಿತ್ತು. ಮನೆಗೆ ಹೋದರೆ ಗೋಡೆಯ ಮೇಲೆ ಅವರ ಫೋಟೋ, ಅದಕ್ಕೊಂದು ಹಾರ.

"ನೀವು ಲಾವೋಸ್‌ನಲ್ಲಿದ್ದಾಗ್ಲೇ ಓಗ್ಬುಟ್ರು ಮೇಡಂ" ಎಂದಳು ಪುಷ್ಪ. "ಎದೆನೋವು ಬಂದು ಮಲಗಿದ್ದಾಗ್ಲೇ, ಈ ಇಸ್ಯ ಮೇಡಂಗೆ ಏಳ್ಬೇಡ ಅಂತ ಆಣೆ ಆಕುಸ್ಕಂಡಿದ್ರು. ಅಪ್ಪ ವಯಸ್ನಲ್ಲಿ ರಾಮೇಶ್ವರಕ್ಕೆ ಅಂತ ಸೈಕಲ್ನಲ್ಲಿ ಒರ್ಟಿದ್ರಂತೆ. ಅಜ್ಜಿಗೆ ಸೀರಿಯಸ್ಸು ಅಂತ ಪಾಲಾರ್ ತಾವಿಂದ್ಲೇ ತಿರುಗ್ಸಿ ಕರ್ಕಬಂದ್ರಂತೆ. ಅಜ್ಜಿ ಆಮೇಲೆ ಅನ್ನೆರಡು ವರ್ಸ ಬದುಕಿದ್ರು. ಅಪ್ಪ ಮತ್ತೆ ಒರಡ್ಲೇ ಇಲ್ಲ."

ಅಲ್ಲೇ ಕೂತು ಅತ್ತೆ. ಆಮೇಲೆ ಫೋನ್ ತೆಗೆದು ಹಳೆಯ ಮೆಸೇಜುಗಳನ್ನು ನೋಡಿದೆ. ಲಾವೋಸ್ ದಾಟಿ ಎಷ್ಟೋ ದಿನಕ್ಕೆ, ಮಲೇಷ್ಯಾದಲ್ಲಿದ್ದಾಗಲೂ, "ಚೈನ್ಗೆ ಎಣ್ಣೆ ಬುಟ್ರಾ?" ಎಂದು ಬಂದಿತ್ತು. ಬೈಸಿಕೊಳ್ಳಬೇಕಾದೀತೆಂದು, "ಬಿಟ್ಟೆ ಮಾದಣ್ಣ" ಎಂದು ಬರೆದಿದ್ದೆ. ಬಿಟ್ಟಿರಲಿಲ್ಲ.